ಸಂರಕ್ಷಿತ ಕಾಡು, ನೆಲದಡಿಯ ಇಂಧನ ಮತ್ತು ಕೃಷ್ಣಾ ತೀರದ ಐದು ತಾಲೂಕುಗಳು

ಕಾಡು ಮತ್ತು ವನ್ಯಜೀವಿಗಳಿಗಾಗಿ ಕಾನೂನಿನ ಪ್ರಕಾರ ಕಾಯ್ದಿರಿಸಿದ ನೆಲವನ್ನು ತೈಲ, ನೈಸರ್ಗಿಕ ಅನಿಲ ಅಥವಾ ಖನಿಜ ತೆಗೆಯಲು ಬಿಟ್ಟುಕೊಡುವ ಸರ್ಕಾರಿ ಕ್ರಮ ಮತ್ತು ಅದರಿಂದ ಹುಟ್ಟಿದ ವಿವಾದಗಳು ಈ ಲೇಖನದ ವಿಷಯ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ತೈಲಬಾವಿ ಒಂದೂ ಇಲ್ಲ, ರಾಷ್ಟ್ರೀಯ ಉದ್ಯಾನವೂ ಇಲ್ಲ. ಆದರೂ ಈ ವಿಷಯ ಇಲ್ಲಿಗೆ ಹೊರಗಿನದಲ್ಲ. ಇಲ್ಲಿನ ಕಬ್ಬು, ಊರಿನ ಕುಡಿಯುವ ನೀರು, ಸಕ್ಕರೆ ಕಾರ್ಖಾನೆ ಎಲ್ಲವೂ ಸಹ್ಯಾದ್ರಿಯ ಕಾಯ್ದಿಟ್ಟ ಕಾಡುಗಳಿಂದ ಇಳಿದು ಬರುವ ಹೊಳೆಗಳನ್ನು ನಂಬಿವೆ. ಆ ಕಾಡಿನ ಬಗ್ಗೆ ತೀರ್ಮಾನವಾಗುವುದು ಕೊಲ್ಹಾಪುರ, ಮುಂಬಯಿ, ದೆಹಲಿಗಳಲ್ಲಿ. ಹೊಳೆಸಾಲಿನ ಊರುಗಳನ್ನು ಯಾರೂ ಕೇಳುವುದಿಲ್ಲ.

ನೀರಿನ ದಾರಿ

ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು; ಎರಡೂ ಈಚೆಗೆ ಪ್ರತ್ಯೇಕ ತಾಲೂಕುಗಳಾದವು. ಐದೂ ತಾಲೂಕುಗಳು ಘಟ್ಟದ ಮಳೆ ನೆರಳಿನಲ್ಲಿವೆ. ಗಗನಬಾವಡಾದಂಥ ಘಟ್ಟದ ನೆತ್ತಿಯ ಊರುಗಳಲ್ಲಿ ವರ್ಷಕ್ಕೆ 5000 ಮಿಲಿಮೀಟರ್ ದಾಟುವ ಮಳೆ, ಪೂರ್ವಕ್ಕೆ ಅಥಣಿ ಮುಟ್ಟುವಷ್ಟರಲ್ಲಿ ಐದಾರು ನೂರಕ್ಕೆ ಇಳಿದಿರುತ್ತದೆ. ಹೀಗಾಗಿ ಅಥಣಿಯ ಮಡ್ಡಿ ಭೂಮಿ ಒಂದು ಕಡೆ, ಕೃಷ್ಣೆಯ ದಂಡೆಯ ಎರೆ ಭೂಮಿಯ ಹಸಿರು ಕಬ್ಬು ಇನ್ನೊಂದು ಕಡೆ ಎಂದು ಸೀಮೆಯೇ ಎರಡಾಗಿ ಕಾಣುತ್ತದೆ. ಆ ಹಸಿರಿಗೆ ಕಾರಣ ಸ್ಥಳೀಯ ಮಳೆಯಲ್ಲ, ಮೇಲಿನಿಂದ ಬರುವ ಹೊಳೆ.

ಆ ಹೊಳೆಗಳ ಮೂಲ ನೋಡಿದರೆ ವನ್ಯಜೀವಿಧಾಮಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಕೊಯ್ನಾ ನದಿಯ ಕಣಿವೆಯಲ್ಲಿ 1985ರಲ್ಲಿ ಘೋಷಣೆಯಾದ ಕೊಯ್ನಾ ವನ್ಯಜೀವಿಧಾಮವಿದೆ. ವಾರಣಾ ನದಿಯ ಮೇಲ್ಭಾಗದಲ್ಲಿ ಚಾಂದೋಲಿ ರಾಷ್ಟ್ರೀಯ ಉದ್ಯಾನವಿದೆ. ಇವೆರಡೂ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪಂಚಗಂಗೆಯ ಉಪನದಿ ಭೋಗಾವತಿ ಮತ್ತು ದೂಧಗಂಗಾ ನದಿಗಳ ಜಲಾನಯನದಲ್ಲಿ ರಾಧಾನಗರಿ ವನ್ಯಜೀವಿಧಾಮವಿದೆ. ಕೊಲ್ಹಾಪುರದ ಛತ್ರಪತಿಗಳ ಬೇಟೆಯ ಕಾಡಾಗಿದ್ದ ದಾಜೀಪುರವನ್ನು 1958ರಲ್ಲಿ ಕಾಡುಕೋಣಗಳಿಗಾಗಿ ಕಾಯ್ದಿರಿಸಲಾಯಿತು. ಮಹಾರಾಷ್ಟ್ರದ ಮೊದಲ ವನ್ಯಜೀವಿಧಾಮ ಅದೇ. ಇಂದು ಅದರ ವಿಸ್ತೀರ್ಣ ಸುಮಾರು 351 ಚದರ ಕಿಲೋಮೀಟರ್. ಕೊಯ್ನಾ, ಚಾಂದೋಲಿ, ರಾಧಾನಗರಿ ಮೂರೂ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳ ಭಾಗವಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕೊಯ್ನಾ ಕರಾಡದಲ್ಲಿ, ವಾರಣಾ ಸಾಂಗ್ಲಿಯ ಹತ್ತಿರ, ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತವೆ. ಆಮೇಲೆ ಕೃಷ್ಣೆ ಕಾಗವಾಡ, ಚಿಕ್ಕೋಡಿ ತಾಲೂಕುಗಳ ಸೀಮೆಗೆ ಬರುತ್ತದೆ. ವೇದಗಂಗಾ ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿ ದಾಟಿ, ಭೋಜದ ಬಳಿ ದೂಧಗಂಗೆಯನ್ನು ಸೇರುತ್ತದೆ. ಸದಲಗಾ ಕಡೆಯಿಂದ ಹರಿದ ದೂಧಗಂಗಾ ಮುಂದೆ ಕೃಷ್ಣೆಗೆ ಬೀಳುತ್ತದೆ. ಮುಂದೆ ಕುಡಚಿ, ಉಗಾರ, ಹಿಪ್ಪರಗಿ ಬ್ಯಾರೇಜ್. ಬೇಸಿಗೆ ಬಂತೆಂದರೆ ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಡಿ ಎಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುವುದು ರೂಢಿಯೇ ಆಗಿದೆ. ಮಳೆಗಾಲದಲ್ಲಿ ಇದರ ತಿರುವು ಮುರುವು. 2005, 2019, 2021ರ ಮಹಾಪೂರದಲ್ಲಿ ಜೂಗೂಳ, ಮಂಗಾವತಿ, ಯಡೂರು, ಮಾಂಜರಿ ಮುಂತಾದ ಊರುಗಳು ಏನು ಅನುಭವಿಸಿದವು ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಯಮಗರ್ಣಿಯ ಸೇತುವೆಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಗಿತ್ತು.

ಇಲ್ಲಿ ತೈಲ ಏಕಿಲ್ಲ

ಈ ಐದು ತಾಲೂಕುಗಳ ನೆಲದ ಕೆಳಗೆ ದಖ್ಖನ್ ಲಾವಾದ ಕಪ್ಪು ಬಸಾಲ್ಟ್ ಹಾಸಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಕಲ್ಲು ಇದು. ಎರೆ ಮಣ್ಣು ಇದರಿಂದಲೇ ಹುಟ್ಟಿದ್ದು. ಲಾವಾದ ಅಂಚಿನಾಚೆ, ಗೋಕಾಕ ಜಲಪಾತದ ಕಡೆ ಕಾಣುವ ಕೆಂಪು ಮರಳುಗಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ಅದರ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು.

ತೈಲ ಹುಟ್ಟಬೇಕಾದರೆ ಹಳೆಯ ಸಮುದ್ರ ಅಥವಾ ಸರೋವರದ ತಳದಲ್ಲಿ ಜೀವಿಗಳ ಅವಶೇಷ ಹೂಳಿನೊಡನೆ ಸೇರಿ, ಆಳದಲ್ಲಿ ತಕ್ಕಷ್ಟು ಕಾವು ಪಡೆದು, ಮೇಲೆ ಸೋರಿಹೋಗದಂತೆ ಗಟ್ಟಿ ಪದರದ ಮುಚ್ಚಳ ಬೀಳಬೇಕು. ಲಾವಾದಲ್ಲಿ ತೈಲ ಹುಟ್ಟದು. ಕಲಾದಗಿಯ ಶಿಲೆಗಳು ರೂಪುಗೊಂಡ ಕಾಲದಲ್ಲಿ ಭೂಮಿಯ ಮೇಲೆ ಸೂಕ್ಷ್ಮಜೀವಿಗಳೇ ಹೆಚ್ಚಾಗಿದ್ದವು. ಆದರೂ ಭಾರತದ 26 ಸಂಚಿತಶಿಲಾ ದ್ರೋಣಿಗಳ ಅಧಿಕೃತ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ಯ ಹೆಸರಿದೆ, ಲಾವಾದ ಅಡಿಯ ‘ದಖ್ಖನ್ ಸಿನೆಕ್ಲೈಸ್’ ಕೂಡ ಇದೆ. ಎರಡೂ ಮೂರನೆಯ ವರ್ಗದವು, ಎಂದರೆ ನಿಕ್ಷೇಪ ಇರಬಹುದೆಂಬ ಅಂದಾಜು ಮಾತ್ರ ಇರುವಂಥವು. ವಾಣಿಜ್ಯ ಉತ್ಪಾದನೆ ಇಲ್ಲಿಂದ ಆಗಿಲ್ಲ. 2016ರ ಹೊಸ ನೀತಿಯ ಪ್ರಕಾರ ಕಂಪನಿಗಳು ತಾವೇ ಪ್ರದೇಶ ಗುರುತಿಸಿ ಶೋಧಕ್ಕೆ ಅರ್ಜಿ ಹಾಕಬಹುದಾದ್ದರಿಂದ, ನಕ್ಷೆಯ ಮೇಲಿನ ಈ ಹೆಸರುಗಳನ್ನು ಸತ್ತ ಅಕ್ಷರವೆಂದು ಬಿಡುವಂತಿಲ್ಲ.

ಇಂಧನ ಮಾತ್ರ ಈ ಜಿಲ್ಲೆಯನ್ನು ಹಾದುಹೋಗುತ್ತದೆ. ಕೊಂಕಣದ ದಾಭೋಳದಿಂದ ಘಟ್ಟ ಹತ್ತಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳ ಮೂಲಕ ಬೆಂಗಳೂರಿಗೆ ಹೋಗುವ ಗೇಲ್ ಸಂಸ್ಥೆಯ ಸುಮಾರು 1000 ಕಿಲೋಮೀಟರ್ ಅನಿಲ ಕೊಳವೆ 2013ರಲ್ಲಿ ಉದ್ಘಾಟನೆಯಾಯಿತು.

ಶೋಧ ಎಂದರೆ ಏನಾಗುತ್ತದೆ

‘ಬರೀ ಸರ್ವೆ’ ಎಂಬ ಮಾತು ಇಂಥ ಯೋಜನೆಗಳ ಮೊದಲ ಹಂತದಲ್ಲಿ ಬರುತ್ತದೆ. ಸರ್ವೆಯನ್ನು ಹತ್ತಿರದಿಂದ ನೋಡಬೇಕು. ಭೂಕಂಪನ ಸರ್ವೆಗೆ ಕಾಡಿನಲ್ಲಿ ನೇರ ಗೆರೆಗಳನ್ನು ಎಳೆದು, ಗೆರೆಯ ಮೇಲಿನ ಪೊದೆ, ಗಿಡಗಂಟಿ ಸವರಿ, ಆಳುಗಳು ಕೇಬಲ್ ಹೊತ್ತು ನಡೆಯುತ್ತಾರೆ. ಗೆರೆಯುದ್ದಕ್ಕೂ ಅಂತರ ಬಿಟ್ಟು ರಂಧ್ರ ಕೊರೆದು ಸ್ಫೋಟಕ ಇಳಿಸುತ್ತಾರೆ, ಇಲ್ಲವೆ ಕಂಪನ ಹುಟ್ಟಿಸುವ ಭಾರದ ಲಾರಿಗಳನ್ನು ಓಡಿಸುತ್ತಾರೆ. ಆಳದ ಪದರಗಳಿಂದ ಮರಳಿ ಬರುವ ಸದ್ದನ್ನು ಜಿಯೋಫೋನ್‌ಗಳು ದಾಖಲಿಸಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಕೇಬಲ್ ಹೋಗುತ್ತದೆ, ಗೆರೆ ಉಳಿಯುತ್ತದೆ. ಬೇಟೆಗಾರನಿಗೂ ಸೌದೆ ಕಳ್ಳನಿಗೂ ದಾರಿಯಾಗುವುದು ಅಂಥ ಗೆರೆಗಳೇ.

ಸರ್ವೆಯಲ್ಲಿ ಆಸೆ ಕಂಡರೆ ಪರೀಕ್ಷಾ ಬಾವಿ ಕೊರೆಯುತ್ತಾರೆ. ಅದಕ್ಕೆ ಕೆಲವು ಎಕರೆ ಸಮತಟ್ಟು ನೆಲ, ಲಾರಿ ಓಡುವ ರಸ್ತೆ, ಕೊರೆತದ ಕೆಸರಿಗೆ ಹೊಂಡ, ಜನರೇಟರ್, ಹಗಲೂ ರಾತ್ರಿ ದೀಪ ಬೇಕು. ಈಗ ಕಾಡಿನ ಹೊರಗೆ ನಿಂತು ಓರೆಯಾಗಿ ಕಿಲೋಮೀಟರ್‌ಗಟ್ಟಲೆ ಕೊರೆದು ಕಾಡಿನ ಅಡಿಯ ತೈಲ ಮುಟ್ಟುವ ತಂತ್ರವೂ ಬಂದಿದೆ. ಮೇಲಿನ ಗಾಯ ಇದರಿಂದ ನಿಜವಾಗಿಯೂ ಕಡಿಮೆಯಾಗುತ್ತದೆ. ಬಾವಿ ಸ್ಫೋಟದ ಅಪಾಯ ಕಡಿಮೆಯಾಗುವುದಿಲ್ಲ.

ಕಾನೂನಿನ ಬಾಗಿಲುಗಳು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೆ ಆವಾಸವನ್ನು ಕೆಡಿಸುವ ಕೆಲಸಕ್ಕೆ, ಅದು ವನ್ಯಜೀವಿಗಳ ಒಳಿತಿಗೆ ಅಗತ್ಯವೆಂದು ವನ್ಯಜೀವಿ ಮಂಡಳಿಯ ಸಲಹೆ ಪಡೆದ ರಾಜ್ಯ ಸರ್ಕಾರಕ್ಕೆ ಮನವರಿಕೆಯಾಗದೆ ಪರವಾನಗಿ ಇಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡನ್ನು ಬೇರೆ ಕೆಲಸಕ್ಕೆ ಕೊಡುವ ಮುನ್ನ ಕೇಂದ್ರದ ಒಪ್ಪಿಗೆ ಕಡ್ಡಾಯ ಮಾಡಿತು. ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳ ಒಳಗೆ ಮತ್ತು ಅವುಗಳ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು.

ಬಾಗಿಲು ಮುಚ್ಚುವ ಈ ನಿಯಮಗಳ ಪಕ್ಕದಲ್ಲೇ ಬಾಗಿಲು ಸಡಿಲಿಸುವ ನಿಯಮಗಳೂ ಬಂದಿವೆ. 2020ರ ಜನವರಿಯ ಅಧಿಸೂಚನೆ ತೈಲ ಮತ್ತು ಅನಿಲದ ಶೋಧ ಕಾರ್ಯವನ್ನು ಪರಿಸರ ಅನುಮತಿಯ ‘ಬಿ2’ ವರ್ಗಕ್ಕೆ ಇಳಿಸಿತು. ಆ ವರ್ಗದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. 2023ರಲ್ಲಿ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿ, ಭೂಕಂಪನ ಸರ್ವೆ ಸೇರಿದಂತೆ ಶೋಧ ಚಟುವಟಿಕೆಗಳನ್ನು ಕೇಂದ್ರ ಹಾಕುವ ಷರತ್ತಿನ ಮೇಲೆ ‘ಅರಣ್ಯೇತರ ಉದ್ದೇಶ’ದ ಲೆಕ್ಕದಿಂದಲೇ ಹೊರಗಿಡಲು ಅವಕಾಶ ಕೊಟ್ಟಿತು. ದೇಶ ತನಗೆ ಬೇಕಾದ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತಿದೆ ಎಂಬುದು ಇದಕ್ಕೆ ಸರ್ಕಾರ ಕೊಡುವ ಕಾರಣ. ಕಾರಣ ಸುಳ್ಳಲ್ಲ. ಆದರೆ ಜನರ ಮಾತು ಕೇಳುವ ಹಂತವನ್ನೇ ತೆಗೆದುಹಾಕುವುದರಿಂದ ಆಮದು ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ಜನರ ಮುಂದೆ ಇಡಬೇಕಾದದ್ದು ಸರ್ಕಾರವೇ.

ಕುದುರೆಮುಖ

ಕಾಯ್ದಿಟ್ಟ ಕಾಡಿನ ಒಳಗಿನ ಗಣಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ. ಅದರ ಹುಟ್ಟಿಗೂ ತೈಲಕ್ಕೂ ನಂಟಿದೆ. 1970ರ ದಶಕದಲ್ಲಿ ತೈಲದ ಹಣ ತುಂಬಿದ್ದ ಇರಾನ್ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು ಭಾರತಕ್ಕೆ 63 ಕೋಟಿ ಡಾಲರ್ ಸಾಲದ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಆಮೇಲೆ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಹಿಂದೆ ಸರಿದರು. ಗಣಿ ಮಾತ್ರ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಮುಂದುವರಿಯಿತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕದಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಅಡ್ಡಲಾಗಿ ಎತ್ತರದ ಅಣೆಕಟ್ಟು ಕಟ್ಟಿದರು.

ಗಣಿ ನಡೆಯುತ್ತಿದ್ದಾಗಲೇ 1987ರಲ್ಲಿ ಅದೇ ಬೆಟ್ಟಸಾಲನ್ನು ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಅಲ್ಲಿನ ಗಂಗಾಮೂಲದಲ್ಲಿ. 1999ರಲ್ಲಿ ಗುತ್ತಿಗೆಯ ಅವಧಿ ಮುಗಿದರೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಸಾಗಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಭದ್ರೆಯ ಹೂಳು, ಭದ್ರಾ ಜಲಾಶಯದ ರೈತರ ಆತಂಕ ಆ ವಾದದ ಒಳಗೇ ಇದ್ದವು. ಕೆಳಗಿನವರ ನೀರಿನ ಮಾತು ಮೇಲಿನ ಕಾಡಿನ ಮೊಕದ್ದಮೆಯಲ್ಲಿ ಎದ್ದದ್ದು ಈ ಪ್ರಕರಣದ ಮುಖ್ಯ ಪಾಠ. ಅದು ಸಾಧ್ಯವಾದದ್ದಕ್ಕೆ ಕಾಡೂ ರೈತರೂ ಒಂದೇ ರಾಜ್ಯದಲ್ಲಿದ್ದುದು ನೆರವಾಯಿತು.

ಕಥೆ ಅಲ್ಲಿಗೇ ಮುಗಿದಿಲ್ಲ. ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ 400 ಹೆಕ್ಟೇರ್‌ಗೂ ಹೆಚ್ಚು ಅರಣ್ಯ ಕೊಡುವ ಪ್ರಸ್ತಾವ 2024ರಲ್ಲಿ ಕೇಂದ್ರ ಮತ್ತು ರಾಜ್ಯದ ನಡುವೆ ಜಗಳಕ್ಕೆ ಕಾರಣವಾಯಿತು. ಕುದುರೆಮುಖದ ಗಣಿಗೆ ಸಂಬಂಧಿಸಿದ ಬಾಕಿಯನ್ನು ಕಂಪನಿ ತೀರಿಸುವ ತನಕ ನೆಲ ಕೊಡಬಾರದೆಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಇನ್ನೊಂದು ಕಡೆ, ಗದಗಿನ ಕಪ್ಪತಗುಡ್ಡದಲ್ಲಿ ಚಿನ್ನದ ಗಣಿಗೆ ವಿರೋಧ ಬಲಿತು, 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು.

ಘಟ್ಟದ ಸಡಾ ಮತ್ತು ಬಾಕ್ಸೈಟ್

ಚಿಕ್ಕೋಡಿ ಸೀಮೆಗೆ ಎಲ್ಲಕ್ಕಿಂತ ಹತ್ತಿರದ ಪ್ರಕರಣ ಬಾಕ್ಸೈಟಿನದು. ಕೊಲ್ಹಾಪುರ ಜಿಲ್ಲೆಯ ಘಟ್ಟಗಳ ನೆತ್ತಿಯಲ್ಲಿ ಚಪ್ಪಟೆ ಬಂಡೆಯ ಬಯಲುಗಳಿವೆ; ಮರಾಠಿಯಲ್ಲಿ ಅವಕ್ಕೆ ಸಡಾ ಎನ್ನುತ್ತಾರೆ. ಬಸಾಲ್ಟ್ ಕಲ್ಲು ಲಕ್ಷಾಂತರ ವರ್ಷ ಮಳೆಗೆ ಕರಗಿ ಉಳಿದ ಜಂಬಿಟ್ಟಿಗೆಯ ಟೋಪಿ ಅದು, ಅದರೊಳಗೆ ಬಾಕ್ಸೈಟಿನ ಪದರ. ಬೇಸಿಗೆಯಲ್ಲಿ ನೋಡಿದರೆ ಬರಡು ಕಲ್ಲು, ಸರ್ಕಾರಿ ದಾಖಲೆಯಲ್ಲಿ ಪಾಳು ಭೂಮಿ. ಮಳೆ ಬಿದ್ದ ಮೇಲೆ ಅದೇ ಬಂಡೆಯ ಕುಳಿಗಳಲ್ಲಿ ಬೆರಳುದ್ದದ ಸಸ್ಯಗಳು ತಲೆಯೆತ್ತಿ ಹೂಬಿಡುತ್ತವೆ. ಮಣ್ಣಿಲ್ಲದ ಕಲ್ಲಿನ ಮೇಲೆ ಕೀಟ ಹಿಡಿದು ತಿಂದು ಬದುಕುವ ಗಿಡಗಳೂ ಅಲ್ಲಿವೆ. ರಂಧ್ರ ತುಂಬಿದ ಈ ಕಲ್ಲು ಮಳೆನೀರನ್ನು ಹೀರಿಕೊಂಡು ಅಂಚಿನ ಕೆಳಗೆ ಒರತೆಯಾಗಿ ಬಿಡುತ್ತದೆ. ಮಳೆ ನಿಂತ ಎಷ್ಟೋ ದಿನದ ಮೇಲೂ ಹಳ್ಳ ಹರಿಯುವುದು ಇದರಿಂದ. ಬಾಕ್ಸೈಟ್ ತೆಗೆಯುವುದೆಂದರೆ ಈ ಟೋಪಿಯನ್ನೇ ಸಿಡಿಸಿ ಎತ್ತುವುದು. ಹೊಂಡವನ್ನು ಮಣ್ಣಿನಿಂದ ತುಂಬಿ ಗಿಡ ನೆಟ್ಟರೂ ಆ ಕಲ್ಲು ಮರಳಿ ಬರುವುದಿಲ್ಲ.

ರಾಧಾನಗರಿ ತಾಲೂಕಿನ ದುರ್ಗಮಾನವಾಡಿ, ಚಂದಗಡದ ಕಾಸಾರಸಡಾ ಮುಂತಾದ ಗಣಿಗಳ ಬಾಕ್ಸೈಟ್ ಬಂದದ್ದು ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗೆ. 1969ರಲ್ಲಿ ಇಂಡಾಲ್ ಆರಂಭಿಸಿದ ಆ ಕಾರ್ಖಾನೆ ಈಗ ಹಿಂಡಾಲ್ಕೊದ್ದು. ಆದ್ದರಿಂದ ಇದನ್ನು ಮಹಾರಾಷ್ಟ್ರದವರು ಮಾಡಿದ ಹಾನಿ, ಕರ್ನಾಟಕದವರು ಅನುಭವಿಸಿದ ನಷ್ಟ ಎಂದು ಎರಡು ತುಂಡು ಮಾಡಿ ಹೇಳುವುದು ಸರಿಯಾಗದು. ಅದಿರು ಇಳಿದು ಬಂದದ್ದು ಬೆಳಗಾವಿ ಜಿಲ್ಲೆಗೆ, ಕೂಲಿ ಸಿಕ್ಕಿದ್ದು ಇಲ್ಲಿನವರಿಗೂ ಹೌದು. ಇದೇ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಕಳಸಾ–ಬಂಡೂರಿ ಕಾಲುವೆಗೆ ಅರಣ್ಯ, ವನ್ಯಜೀವಿ ಅನುಮತಿ ಬೇಗ ಸಿಗಲಿ ಎಂದು ಒತ್ತಾಯಿಸುವವರೂ ನಾವೇ. ನಮ್ಮ ನೀರಿಗೆ ಕಾಡು ಬಿಡಿ, ಬೇರೆಯವರ ಅದಿರಿಗೆ ಬಿಡಬೇಡಿ ಎಂಬ ವಾದಕ್ಕೆ ಬಲ ಬರಬೇಕಾದರೆ ಎರಡೂ ಕಡೆ ಒಂದೇ ಅಳತೆಗೋಲು ಹಿಡಿಯಬೇಕು.

ಪಶ್ಚಿಮ ಘಟ್ಟದ ಸೂಕ್ಷ್ಮ ವಲಯದಲ್ಲಿ ಹೊಸ ಗಣಿ ಬೇಡ, ಇರುವ ಗಣಿಗಳನ್ನು ಐದು ವರ್ಷದಲ್ಲಿ ನಿಲ್ಲಿಸಿ ಎಂದು ಕಸ್ತೂರಿರಂಗನ್ ಸಮಿತಿ 2013ರಲ್ಲಿ ಹೇಳಿತು. 2014ರಿಂದ ಕರಡು ಅಧಿಸೂಚನೆಗಳ ಮೇಲೆ ಕರಡು ಬಂದವು. 2024ರ ಜುಲೈ 31ರದ್ದು ಆರನೆಯದು. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಮಲೆನಾಡಿನ ರೈತರ ಭಯಕ್ಕೆ ಅದರದೇ ಕಾರಣಗಳಿವೆ. ಆದರೆ ಆ ಚರ್ಚೆಯಲ್ಲಿ ಬಯಲುಸೀಮೆಯ ಹೊಳೆಸಾಲಿನ ಶಾಸಕರು ನೀರಿನ ಮಾತನ್ನು ಗಟ್ಟಿಯಾಗಿ ಎತ್ತಬೇಕಿತ್ತು.

ಅಸ್ಸಾಂ, ಅಲಾಸ್ಕ, ಯಾಸುನಿ

ಭಾರತದಲ್ಲಿ ತೈಲ ಮತ್ತು ಕಾಡು ಮುಖಾಮುಖಿಯಾದದ್ದು ಹೆಚ್ಚಾಗಿ ಅಸ್ಸಾಂನಲ್ಲಿ. ತಿನ್ಸುಕಿಯಾ ಜಿಲ್ಲೆಯ ಬಾಗ್‌ಜಾನ್‌ನಲ್ಲಿ, ಡಿಬ್ರು–ಸೈಖೋವಾ ರಾಷ್ಟ್ರೀಯ ಉದ್ಯಾನದ ಹತ್ತಿರ, ಆಯಿಲ್ ಇಂಡಿಯಾ ಸಂಸ್ಥೆಯ ಬಾವಿ 2020ರ ಮೇ 27ರಂದು ಹತೋಟಿ ತಪ್ಪಿ ಉಗುಳತೊಡಗಿತು. ಜೂನ್ 9ರಂದು ಬೆಂಕಿ ಹೊತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಮನೆಮಾರು ಸುಟ್ಟುಹೋಗಿ ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. ಪಕ್ಕದ ಮಾಗುರಿ–ಮೋಟಾಪುಂಗ್ ಜೌಗಿನ ನೀರಿನ ಮೇಲೆ ಎಣ್ಣೆ ಹರಡಿತು. ಬಾವಿ ಪೂರ್ತಿ ಶಾಂತವಾದದ್ದು ನವೆಂಬರ್‌ನಲ್ಲಿ. ಬಾವಿ ಹತೋಟಿ ತಪ್ಪಿದಾಗ, ಅದೇ ಉದ್ಯಾನದ ಅಡಿಯಲ್ಲಿ ಓರೆ ಕೊರೆತದಿಂದ ಏಳು ಬಾವಿ ತೋಡಲು ಕೇಂದ್ರ ಅನುಮತಿ ಕೊಟ್ಟು ಇನ್ನೂ ಮೂರು ವಾರ ಕಳೆದಿರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಗುವಾಹಟಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಜಗತ್ತಿನಲ್ಲಿ ದೀರ್ಘಕಾಲ ನಡೆದ ಇಂಥ ವಿವಾದಗಳಲ್ಲಿ ಒಂದು ಅಮೆರಿಕದ ಅಲಾಸ್ಕದ ಆರ್ಕ್ಟಿಕ್ ವನ್ಯಜೀವಿ ಆಶ್ರಯತಾಣದ್ದು. 1960ರಲ್ಲಿ ಕಾಯ್ದಿರಿಸಿ 1980ರಲ್ಲಿ ವಿಸ್ತರಿಸಿದ ಈ ನೆಲದ ಕರಾವಳಿ ಬಯಲು ಕ್ಯಾರಿಬೂ ಎಂಬ ಜಿಂಕೆಗಳ ಹಿಂಡುಗಳು ಮರಿ ಹಾಕುವ ಜಾಗ. ಆ ಹಿಂಡನ್ನು ನಂಬಿ ಬದುಕುವ ಗ್ವಿಚಿನ್ ಜನ ತೈಲವನ್ನು ವಿರೋಧಿಸುತ್ತ ಬಂದಿದ್ದಾರೆ, ಬಯಲಿನಲ್ಲೇ ಊರಿರುವ ಇನ್ಯುಪಿಯಾಟರಲ್ಲಿ ಅನೇಕರು ಬೆಂಬಲಿಸಿದ್ದಾರೆ. 2017ರ ಕಾನೂನು ಬಯಲನ್ನು ತೈಲಕ್ಕೆ ತೆರೆಯಿತು. 2021ರ ಜನವರಿಯ ಹರಾಜಿಗೆ ದೊಡ್ಡ ತೈಲ ಕಂಪನಿಗಳು ಬರಲೇ ಇಲ್ಲ. 2025ರ ಜನವರಿಯ ಹರಾಜಿನಲ್ಲಿ ಒಂದು ಬಿಡ್ಡೂ ಬೀಳಲಿಲ್ಲ. ಆದರೂ 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಇಡೀ ಬಯಲನ್ನು ಮತ್ತೆ ತೆರೆಯಲು ತೀರ್ಮಾನಿಸಿತು. ಈಕ್ವಡಾರ್‌ನಲ್ಲಿ ನಡೆದದ್ದು ಬೇರೆ: ಅಮೆಜಾನಿನ ಯಾಸುನಿ ರಾಷ್ಟ್ರೀಯ ಉದ್ಯಾನದ 43ನೇ ಬ್ಲಾಕಿನ ತೈಲವನ್ನು ನೆಲದಲ್ಲೇ ಬಿಡಬೇಕೆಂದು 2023ರ ಆಗಸ್ಟ್‌ನ ಜನಮತ ಗಣನೆಯಲ್ಲಿ ಸುಮಾರು ಶೇ. 59 ಮತದಾರರು ಹೇಳಿದರು.

ಹೊಲದಲ್ಲಿ ಬೆಳೆವ ಇಂಧನ

ಐದು ತಾಲೂಕುಗಳು ಇಂಧನದ ಮಾತಿನಲ್ಲಿ ಬರೀ ಗಿರಾಕಿಗಳಲ್ಲ. ಉಗಾರ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಎಲ್ಲೆಡೆ ಸಕ್ಕರೆ ಕಾರ್ಖಾನೆಗಳಿವೆ. ಈ ಸೀಮೆಯ ಕಬ್ಬಿನ ಹಾಲು, ಕಾಕಂಬಿಗಳಿಂದ ಎಥೆನಾಲ್ ತಯಾರಾಗಿ ಪೆಟ್ರೋಲಿಗೆ ಬೆರೆಯುತ್ತದೆ. ದೇಶದಲ್ಲಿ ಈ ಬೆರಕೆ 2022ರಲ್ಲಿ ಶೇ. 10, 2025ರಲ್ಲಿ ಶೇ. 20 ತಲುಪಿತು. ಕಾಡು ಅಗೆಯದೆ ಆಮದು ಕಡಿಮೆ ಮಾಡುವ ದಾರಿ ಇದು ಎಂದು ಹೇಳುವುದುಂಟು. ಅರ್ಧ ನಿಜ. ಕಬ್ಬು ಕುಡಿಯುವ ನೀರು ಮತ್ತೆ ರಾಧಾನಗರಿ, ಚಾಂದೋಲಿ, ಕೊಯ್ನೆಯ ಕಾಡಿನದೇ. ಬೇಸಿಗೆಯಲ್ಲಿ ದೂಧಗಂಗೆ, ಕೃಷ್ಣೆಗಳ ದಂಡೆಯಲ್ಲಿ ಪಂಪ್‌ಸೆಟ್ಟಿನ ಪೈಪುಗಳು ಸಾಲಾಗಿ ಹೊಳೆಗೆ ಇಳಿದಿರುತ್ತವೆ. ಬಾಂದಾರದ ಹಿಂದಿನ ನೀರು ಇಳಿದಂತೆ ಪೈಪೂ ಉದ್ದವಾಗುತ್ತ ಹೋಗುತ್ತದೆ. ಆ ದಂಡೆಯ ರೈತನಿಗೆ ಘಟ್ಟದ ಒರತೆ ಬತ್ತುವುದೆಂದರೆ ಪೈಪಿಗೆ ನೀರು ಸಿಗದಿರುವುದು.

ಕೆಳದಂಡೆಯ ಹಕ್ಕು

ಕೃಷ್ಣಾ ನ್ಯಾಯಮಂಡಳಿಗಳು ರಾಜ್ಯಗಳ ನಡುವೆ ನೀರಿನ ಪ್ರಮಾಣ ಹಂಚಿದವು. ನೀರು ಹುಟ್ಟುವ ಕಾಡಿನ ಯೋಗಕ್ಷೇಮ ಆ ಹಂಚಿಕೆಯ ಲೆಕ್ಕದಲ್ಲಿಲ್ಲ. ಗಣಿಯ ಆದಾಯದಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುವ ಹಣ ‘ಬಾಧಿತ ಪ್ರದೇಶ’ಕ್ಕೆ ಹೋಗುತ್ತದೆ, ಆದರೆ ಬಾಧಿತ ಪ್ರದೇಶವನ್ನು ಗಣಿಯ ಸುತ್ತಲಿನ ಕಿಲೋಮೀಟರ್ ತ್ರಿಜ್ಯದಿಂದ ಅಳೆಯುತ್ತಾರೆ. ಹೊಳೆ ಸುತ್ತಿನಲ್ಲಿ ಹರಿಯುವುದಿಲ್ಲ, ಇಳಿಜಾರಿನಲ್ಲಿ ಹರಿಯುತ್ತದೆ. ಘಟ್ಟದಲ್ಲಿ ಗಣಿಗೋ ಬಾವಿಗೋ ಅನುಮತಿ ಕೊಡುವ ಮುನ್ನ ನಡೆಸುವ ಅಧ್ಯಯನದ ನಕ್ಷೆ ಯಡೂರು, ಭೋಜ, ಕುಡಚಿಯ ತನಕ ಬರಬೇಕು. ಅದರ ಸಾರಾಂಶ ಕನ್ನಡದಲ್ಲಿ ಈ ಪಂಚಾಯಿತಿಗಳಿಗೆ ತಲುಪಬೇಕು. ನದಿ ಗಡಿ ದಾಟುವ ದೇಶದಲ್ಲಿ ಇದಕ್ಕಿಂತ ಕಡಿಮೆ ಏನು ಮಾಡಿದರೂ ಅನ್ಯಾಯವೇ.

ಅದು ಆಗುವ ತನಕ ಈಗಿರುವ ಕಾನೂನಿನಲ್ಲೇ ಒಂದು ದಾರಿ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಸಭೆ ಬೇಕಾದ ಯೋಜನೆಗಳಿಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು. ಯೋಜನಾ ಸ್ಥಳದ ನಿವಾಸಿಗಳಲ್ಲದಿದ್ದರೂ, ಪರಿಸರದ ದೃಷ್ಟಿಯಿಂದ ಅದರಲ್ಲಿ ಹಿತಾಸಕ್ತಿ ಇರುವ ಯಾರಾದರೂ ಲಿಖಿತ ಆಕ್ಷೇಪ ಸಲ್ಲಿಸಬಹುದು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ ಜಿಲ್ಲೆಗಳ ಪ್ರಕಟಣೆಗಳ ಮೇಲೆ ಕಣ್ಣಿಡುವ ಕೆಲಸವನ್ನು ಹೊಳೆಸಾಲಿನ ಗ್ರಾಮ ಪಂಚಾಯಿತಿಗಳು, ರೈತ ಸಂಘಗಳು, ನೀರು ಬಳಕೆದಾರರ ಸಂಘಗಳು ಇಂದೇ ಹಂಚಿಕೊಳ್ಳಲಿ. ಗ್ರಾಮಸಭೆಯ ಠರಾವಿನೊಡನೆ ಆಕ್ಷೇಪವನ್ನು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅವಧಿಯೊಳಗೆ ಕಳುಹಿಸಲಿ.